ತಟ್ಟಿ ನೋಡಿ ತಂದ ಹಲ್ಲು

ಮನುಷ್ಯರಿಗೆ ಆರಿಸಿಕೊಳ್ಳುವ ಕೆಲಸ ಕೊಡಬಾರದು ಎಂದು ಈಚೆಗೆ ನನಗೆ ಅನ್ನಿಸುತ್ತಿದೆ. ಅದರಲ್ಲೂ ವಯಸ್ಸಾದವರಿಗೆ ಕೊಡಲೇಬಾರದು. ನನ್ನ ಕಾಲದಲ್ಲಿ ಯಾವುದನ್ನೂ ಯಾರೂ ನನ್ನನ್ನು ಕೇಳಿ ಮಾಡಲಿಲ್ಲ. ಗಂಡನನ್ನು ಅಪ್ಪ ಆರಿಸಿದ, ಸೀರೆಯನ್ನು ಅತ್ತೆ ಆರಿಸಿದಳು, ಮಕ್ಕಳು ತಾವೇ ಬಂದವು. ಹಲ್ಲೂ ಹಾಗೇ. ಹೇಳದೆ ಕೇಳದೆ ಬಂದವು, ಹೇಳದೆ ಕೇಳದೆ ಒಂದೊಂದಾಗಿ ಹೊರಟವು. ಹೋದದ್ದಕ್ಕೆ ನಾನು ಅಳಲಿಲ್ಲ. ಕೊಟ್ಟಿಗೆಯಿಂದ ಮುದಿ ಹಸು ಹೋದರೆ ಒಂದು ದಿನ ಗೊಂತು ಬಿಕೋ ಅನ್ನುತ್ತದೆ, ಮಾರನೆಯ ದಿನ ಅಲ್ಲಿ ಸೌದೆ ಒಟ್ಟುತ್ತೇವೆ. ನಾನೂ ಬಾಯಲ್ಲಿ ಖಾಲಿಯಾದ ಜಾಗಕ್ಕೆ ಎಲೆಅಡಿಕೆ ಒಟ್ಟಿಕೊಂಡು ನೆಮ್ಮದಿಯಾಗಿದ್ದೆ. ಇಷ್ಟು ವಯಸ್ಸಾದ ಮೇಲೆ ಒಂದು ಹಲ್ಲನ್ನು, ಅದೂ ಒಂದೇ ಒಂದು ಹಲ್ಲನ್ನು, ಬಳೆ ಆರಿಸಿದ ಹಾಗೆ ಆರಿಸಬೇಕಾಗಿ ಬಂತು. ಆರಿಸಿದೆ. ಈಗ ಅದನ್ನು ಬಾಯಲ್ಲಿಟ್ಟುಕೊಂಡು ಕೂತಿದ್ದೇನೆ. ಸಾಕಾಗಿದೆ.

ನಾನು ಓದಿದವಳಲ್ಲ. ಊರಿನ ದೊಡ್ಡವರಿಗೆಲ್ಲ ಅಕ್ಷರ ಕಲಿಸುತ್ತೇವೆ ಎಂದು ಬಂದಿದ್ದ ಟೀಚರಮ್ಮನ ಹತ್ತಿರ ಬಸ್ಸಿನ ಬೋರ್ಡು ಓದುವಷ್ಟು ಕಲಿತು, ಬಸ್ಸು ಸಿಕ್ಕಿದ ಮೇಲೆ ಬಿಟ್ಟುಬಿಟ್ಟೆ. ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಸುತ್ತಿ ಬಳಸಿ ಹೇಳುವುದಕ್ಕೆ ಬೇಕಾದಷ್ಟು ಅಕ್ಷರ ನನ್ನ ಹತ್ತಿರ ಇಲ್ಲ.

ನಮ್ಮದು ಗಾವಡಗೆರೆಯ ಪಕ್ಕದ ಊರು. ಹೊಗೆಸೊಪ್ಪು ಬೆಳೆಯುತ್ತೇವೆ. ಹೊಲದಿಂದ ಸೊಪ್ಪು ಮುರಿದು ತಂದ ದಿನ ಅದನ್ನು ಉದ್ದನೆಯ ಕಡ್ಡಿಗಳಿಗೆ ದಾರದಲ್ಲಿ ಕಟ್ಟಿ, ಬ್ಯಾರನ್ ಒಳಗೆ ಸಾಲುಸಾಲಾಗಿ ನೇತುಹಾಕಿ, ಕೆಳಗೆ ಬೆಂಕಿ ಕೊಟ್ಟು ಬೇಯಿಸಬೇಕು. ಬ್ಯಾರನ್ ಎಂದರೆ ಹೆಚ್ಚು ಕಿಟಕಿ ಬಾಗಿಲಿಲ್ಲದ ಎತ್ತರದ ಮನೆ. ಒಳಗೆ ನೆಲದುದ್ದಕ್ಕೂ ತಗಡಿನ ಕೊಳವೆಗಳು ಓಡಾಡಿರುತ್ತವೆ. ಬೆಂಕಿಯ ಶಾಖ ಅದರಲ್ಲಿ ಹರಿಯುತ್ತದೆ. ಕಡ್ಡಿ ಕಟ್ಟಲು ಇಬ್ಬರು ಬೇಕು. ಒಬ್ಬಳು ಎಲೆಗಳನ್ನು ಜೋಡಿಸಿ ಜೋಡಿಸಿ ಕೊಡಬೇಕು, ಇನ್ನೊಬ್ಬಳು ಅವನ್ನು ಕಡ್ಡಿಯ ಆ ಕಡೆಗೊಂದು ಈ ಕಡೆಗೊಂದು ಇಟ್ಟು ದಾರ ಸುತ್ತಿ ಬಿಗಿಯಬೇಕು. ಕೊಡುವವಳಿಗೂ ಕಟ್ಟುವವಳಿಗೂ ಇರುವ ಅಂತರ ತಿಳಿಯಬೇಕಾದರೆ, ಮದುವೆಮನೆಯಲ್ಲಿ ಅಡುಗೆ ಮಾಡುವವಳಿಗೂ ಅವಳಿಗೆ ಈರುಳ್ಳಿ ಸುಲಿದು ಕೊಡುವವಳಿಗೂ ಇರುವ ಅಂತರವನ್ನು ನೆನೆಯಿರಿ. ನಮ್ಮ ಸೊಪ್ಪು ಬಂದ ದಿನ ನನ್ನ ವಾರಗಿತ್ತಿ ಜವರಮ್ಮ ನಮ್ಮ ಚಪ್ಪರಕ್ಕೆ ಬರುತ್ತಾಳೆ, ಅವರ ಸೊಪ್ಪು ಬಂದ ದಿನ ನಾನು ಅವರ ಚಪ್ಪರಕ್ಕೆ ಹೋಗುತ್ತೇನೆ. ಕೂಲಿಯಿಲ್ಲ, ಮುಯ್ಯಿ. ಮನೆ ಬೇರೆಯಾಗಿ ಎಷ್ಟೋ ವರ್ಷವಾದರೂ ಈ ಮುಯ್ಯಿ ಬೇರೆಯಾಗಲಿಲ್ಲ. ಎರಡು ಚಪ್ಪರದಲ್ಲೂ ಕಟ್ಟುವವಳು ನಾನು, ಕೊಡುವವಳು ಅವಳು. ಅವಳಿಗೆ ಕಟ್ಟಲು ಬಾರದೆ ಅಲ್ಲ. ತವರು ಅಂತರಸಂತೆಯ ಕಡೆ. ಸೊಪ್ಪು ಕಟ್ಟಿಯೇ ಬೆಳೆದವಳು. ಬೇರೆಯವರ ಮನೆಗೆ ಮುಯ್ಯಿಗೆ ಹೋದರೆ ಕಟ್ಟುತ್ತಾಳೆ. ನನ್ನ ಎದುರು ಕೂತರೆ ಮಾತ್ರ ಕೊಡುತ್ತಾಳೆ. ಯಾಕೆಂದರೆ ನಾನು ಹಿರಿಸೊಸೆ. ಇದನ್ನು ಯಾರೂ ಬರೆದಿಟ್ಟಿಲ್ಲ. ಆದರೆ ಅವಳು ಒಂದು ದಿನವೂ ಮರೆತಿಲ್ಲ, ಮರೆಯಲು ನಾನೂ ಬಿಟ್ಟಿಲ್ಲ.

ಈ ಕೆಲಸಕ್ಕೆ ಕೈ ಎರಡು ಸಾಲದು, ಹಲ್ಲೂ ಬೇಕು. ಕೊನೆಯ ಗಂಟು ಹಾಕುವಾಗ ದಾರದ ತುದಿಯನ್ನು ಮುಂದಿನ ಹಲ್ಲಲ್ಲಿ ಹಿಡಿದು ಎಳೆದು ಬಿಗಿ ಮಾಡಬೇಕು. ಗಂಟು ಬಿದ್ದ ತಕ್ಷಣ ಅಲ್ಲೇ ಕಟಕ್ಕನೆ ಕಡಿಯಬೇಕು. ಕತ್ತರಿ ಇಲ್ಲವೇ ಎಂದು ಪೇಟೆಯವರು ಕೇಳುತ್ತಾರೆ. ಇದೆ. ಸೊಪ್ಪಿನ ರಾಶಿಯೊಳಗೆ ಎಲ್ಲೋ ಇದೆ. ಹಸಿ ಸೊಪ್ಪಿನ ಅಂಟು ಅಂಗೈಗೆ ಹತ್ತಿ ಕರ್ರಗಾಗಿರುತ್ತದೆ, ಕತ್ತರಿ ಹಿಡಿದರೆ ಬಿಡುವುದಿಲ್ಲ, ಬಿಟ್ಟರೆ ಸಿಗುವುದಿಲ್ಲ. ಒಂದು ವರ್ಷ ನನ್ನ ಸೊಸೆ ಮಂಜುಳಾ ಹೊಸ ಕತ್ತರಿ ತಂದಿಟ್ಟಿದ್ದಳು. ಅದು ಸೊಪ್ಪಿನ ಜೊತೆ ಬ್ಯಾರನ್ನಿಗೆ ಹೋಗಿ ಚೆನ್ನಾಗಿ ಬೆಂದು ಬಂತು. ಅಂದಿನಿಂದ ನಮ್ಮ ಮನೆಯಲ್ಲಿ ಹಲ್ಲೇ ಕತ್ತರಿ. ದಾರ ಕಹಿಯಾಗಿರುತ್ತದೆ, ಕಡಿದು ಕಡಿದು ಸಂಜೆ ಉಣ್ಣುವ ಸಾರೂ ಕಹಿಯಾಗುತ್ತದೆ. ಸೊಸೆಯ ಅಡುಗೆಗೆ ಇದೊಂದು ಒಳ್ಳೆಯ ನೆಪ. ಅವಳಿಗೂ ಗೊತ್ತು, ನನಗೂ ಗೊತ್ತು.

ವರ್ಷಗಟ್ಟಲೆ ದಾರ ಕಡಿದ ಆ ಹಲ್ಲು ಯಾವುದಕ್ಕೆ ಮುರಿಯಿತು ಗೊತ್ತೇ? ಇಡ್ಲಿಗೆ. ಪಿರಿಯಾಪಟ್ಟಣದಲ್ಲಿ ನೆಂಟರ ಮದುವೆಯ ಬೆಳಗಿನ ತಿಂಡಿ. ಇಡ್ಲಿ ಮೆತ್ತಗೇ ಇತ್ತು, ಅದರೊಳಗಿನ ಕಲ್ಲು ಮಾತ್ರ ಬೆಂದಿರಲಿಲ್ಲ. ಕಟ್ ಎಂದಿತು. ನಾನು ಕಲ್ಲು ಎಂದುಕೊಂಡು ಉಗುಳಿದರೆ ಕಲ್ಲಿನ ಜೊತೆ ಅರ್ಧ ಹಲ್ಲೂ ಬಂತು. ಬಾಡೂಟದಲ್ಲಿ ಮೂಳೆ ಕಡಿದು ಮುರಿದುಕೊಂಡಿದ್ದರೆ ಹೇಳಿಕೊಳ್ಳಲು ಒಂದು ಗೌರವವಿರುತ್ತಿತ್ತು. ಇಡ್ಲಿ ತಿಂದು ಹಲ್ಲು ಮುರಿದುಕೊಂಡೆ ಎಂದು ಯಾವ ಬಾಯಲ್ಲಿ ಹೇಳುವುದು? ಅದೂ ಹೇಳುವಾಗ ಗಾಳಿ ಹೊರಗೆ ಹೋಗುತ್ತಿತ್ತು.

ಮನೆಗೆ ಬಂದು ಪಕ್ಕದ ಹಲ್ಲಲ್ಲಿ ದಾರ ಹಿಡಿದೆ. ಹಿಡಿತ ಬರಲಿಲ್ಲ, ಜೊಲ್ಲು ಬಂತು. ಆದರೂ ಕಟ್ಟಿದೆ. ಹಟ. ಎರಡು ದಿನದ ಮೇಲೆ ಬ್ಯಾರನ್ನಿನೊಳಗಿಂದ ಸುಟ್ಟ ವಾಸನೆ ಬಂತು. ಮಗ ಸ್ವಾಮಿ ನೀರಿನ ಕೊಡ ಹಿಡಿದುಕೊಂಡು ನುಗ್ಗಿದ. ನನ್ನ ಒಂದು ಕಡ್ಡಿಯ ಗಂಟು ಸಡಿಲವಾಗಿ ಸೊಪ್ಪು ಕಳಚಿ ಕಾದ ಕೊಳವೆಯ ಮೇಲೆ ಬಿದ್ದಿತ್ತು. ಹೊಗೆಯಾಡುತ್ತಿತ್ತು, ಬೆಂಕಿ ಇನ್ನೂ ಹತ್ತಿರಲಿಲ್ಲ. ಹತ್ತಿಕೊಂಡಿದ್ದರೆ ಸೊಪ್ಪೂ ಇಲ್ಲ, ಬ್ಯಾರನ್ನೂ ಇಲ್ಲ. ಸ್ವಾಮಿ ಹೊರಗೆ ಬಂದು ಕೆಮ್ಮಿ, ಕಣ್ಣೊರೆಸಿಕೊಂಡು, ನನ್ನ ಮುಖ ನೋಡದೆ ಹೇಳಿದ:

"ಅವ್ವ, ನಾಳಿಂದ ನೀನು ಸೊಪ್ಪು ಕೊಡು. ಚಿಕ್ಕವ್ವ ಕಟ್ಟಲಿ."

ಅಷ್ಟೇ. ಬೈದಿದ್ದರೆ ನಾನೂ ಬೈಯಬಹುದಿತ್ತು.

ಮಾರನೆಯ ದಿನ ಜವರಮ್ಮ ಬಂದು ನನ್ನ ಜಾಗದಲ್ಲಿ ಕೂತಳು. ಕೂರುವ ಮೊದಲು ಸೆರಗಿನಿಂದ ಆ ಜಾಗವನ್ನು ಒಂದು ಸಲ ಒರೆಸಿದಳು. ಅಲ್ಲಿ ಧೂಳಿರಲಿಲ್ಲ. ನಾನು ಎದುರು ಕೂತು ಸೊಪ್ಪು ಕೊಟ್ಟೆ.

"ಅಕ್ಕೋ, ಬಿರ್‍ರನೆ ಕೊಡಕ್ಕೋ. ಏನು ಒಂದೊಂದೆಲೆಗೂ ಎಸ್ರು ಇಡ್ತಿದ್ದೀಯಾ?"

"ಕೊಡ್ತಾ ಇಲ್ವೇನೆ?"

"ಕೊಡ್ತಿದ್ದೀಯ, ಆದ್ರೆ ದೊಡ್ಡೆಲೆ ಸಣ್ಣೆಲೆ ಬೆರಸ್ಬ್ಯಾಡ. ನಾನು ಇಂಗ್ ಕೊಟ್ಟಿದ್ರೆ ನೀನು ಬುಡ್ತಿದ್ಯಾ?"

ಬಿಡುತ್ತಿರಲಿಲ್ಲ. ಅದೇ ಕಷ್ಟ. ಅವಳು ಆಡಿದ ಒಂದೊಂದು ಮಾತೂ ನಾನು ಅವಳಿಗೆ ಆಡಿದ್ದ ಮಾತು. ಎಲ್ಲವನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದಳು. ಸಂಜೆಗೆ ನನ್ನ ಬೆನ್ನು ನೋಯಲಿಲ್ಲ. ಕೊಡುವವಳಿಗೆ ಬೆನ್ನು ನೋವು ಬರುವುದಿಲ್ಲ ಎಂದು ಆ ದಿನ ಗೊತ್ತಾಗಿ ಇನ್ನೂ ಬೇಜಾರಾಯಿತು.

ಹಲ್ಲು ಹಾಕಿಸಬೇಕು ಎಂದೆ. ನಮ್ಮ ಯಜಮಾನರಿಗೆ ಬಾಯಲ್ಲಿ ಒಂದೂ ಹಲ್ಲಿಲ್ಲ. ಎಲೆಅಡಿಕೆಯನ್ನು ಪುಟ್ಟ ಕುಟ್ಟಣಿಯಲ್ಲಿ ಕುಟ್ಟಿಕೊಂಡು, ದಿನವೆಲ್ಲ ಟಣಟಣ ಸದ್ದು ಮಾಡುತ್ತ ಸುಖವಾಗಿರುತ್ತಾರೆ. "ನಂಗೆ ಒಂದೂ ಇಲ್ಲ, ನಾನೇನು ಸತ್ತೋದ್ನಾ? ಬುಡು ಅತ್ಲಾಗೆ," ಎಂದರು. "ನೀವು ಯಾವತ್ತು ಕಡ್ಡಿ ಕಟ್ಟಿದ್ರಿ?" ಎಂದೆ. ಕುಟ್ಟಣಿಯ ಸದ್ದು ಜೋರಾಯಿತು. ನಮ್ಮ ಮನೆಯಲ್ಲಿ ಉತ್ತರವಿಲ್ಲದ ಮಾತಿಗೆ ಅದೇ ಉತ್ತರ.

ಮಂಜುಳಾ ನನ್ನನ್ನು ಹುಣಸೂರಿಗೆ ಕರೆದುಕೊಂಡು ಹೋದಳು. ಬಸ್‌ಸ್ಟ್ಯಾಂಡಿನಿಂದ ಸ್ವಲ್ಪ ದೂರದಲ್ಲಿ, ಔಷಧಿ ಅಂಗಡಿಯ ಮಹಡಿಯ ಮೇಲೆ ಹಲ್ಲಿನ ಡಾಕ್ಟರು. ಹಲ್ಲು ಹೋಗುವ ವಯಸ್ಸಿನಲ್ಲಿ ಮಂಡಿಯೂ ಹೋಗಿರುತ್ತದೆ, ಅದು ಗೊತ್ತಿದ್ದೂ ಯಾಕೆ ಮಹಡಿಯ ಮೇಲೆ ಕೂರುತ್ತಾರೋ. ಡಾಕ್ಟರು ಚಿಕ್ಕ ವಯಸ್ಸಿನವರು, ಅನ್ನ ಉಂಡು ಬೆಳೆದ ಕಡೆಯವರು. ಬಾಯಿ ನೋಡಿದರು, ಕನ್ನಡಿಯ ಕಡ್ಡಿಯಿಂದ ತಟ್ಟಿದರು, ಕೇಳಿದರು:

"ದಿನಾ ಏನು ಊಟ ಮಾಡ್ತೀರಿ ಅಜ್ಜಿ?"

"ಮುದ್ದೆ ಕಣಪ್ಪ."

"ಮುದ್ದೆ ಅಗಿಯುವಾಗ ನೋವಾಗುತ್ತಾ?"

"ಮುದ್ದೇನ ಯಾರಪ್ಪ ಅಗೀತಾರೆ? ನುಂಗೋದು."

"ಸರಿ, ಸಾರಿನಲ್ಲಿ ಸೊಪ್ಪು, ಕಾಳು?"

"ಅದು ಮುದ್ದೆ ಜತೇಲಿ ತಾನೇ ಓಯ್ತದೆ."

"ಮತ್ತೆ ನಿಮಗೆ ಹಲ್ಲು ಯಾವುದಕ್ಕೆ ಬೇಕು?"

"ದಾರ ಕಡಿಯಕ್ಕೆ."

ಡಾಕ್ಟರು ಮಂಜುಳಾಳ ಮುಖ ನೋಡಿದರು. ಅವಳು ಗೋಡೆಯ ಮೇಲಿನ ಹಲ್ಲಿನ ಚಿತ್ರ ನೋಡಿದಳು. ಆಮೇಲೆ ಅವರು ನಿಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು, ಹಲ್ಲು ಇರುವುದು ದಾರ ಕಡಿಯಲು ಅಲ್ಲ, ಯಾವ ಹಲ್ಲು ಹಾಕಿದರೂ ದಾರ ಗೀರ ಕಚ್ಚಬೇಡಿ, ಅದಕ್ಕೆ ಕತ್ತರಿ ಇದೆ. ನಾನು ಹೂಂ ಎಂದೆ. ಎಲ್ಲ ಡಾಕ್ಟರಿಗೂ ನಾನು ಹೂಂ ಎನ್ನುತ್ತೇನೆ. ಅವರಿಗೂ ಸಮಾಧಾನ, ನಮಗೂ ಬೇಗ ಮನೆಗೆ ಹೋಗಬಹುದು.

ಉಳಿದ ಅರ್ಧ ಹಲ್ಲಿನ ಬೇರು ಗಟ್ಟಿಯಾಗಿದೆ, ಅದನ್ನು ತೊಳೆದು, ಮೇಲೆ ಅರೆದು ಸಣ್ಣ ಮಾಡಿ, ಅದರ ಮೇಲೊಂದು ಕ್ಯಾಪ್ ಕೂರಿಸುತ್ತೇನೆ ಎಂದರು. ಯಾವುದರ ಕ್ಯಾಪ್ ಎಂದು ಆರಿಸಿಕೊಳ್ಳಲು ಒಂದು ಡಬ್ಬಿ ತೆಗೆದು ನನ್ನ ಮುಂದಿಟ್ಟರು. ಇಲ್ಲಿಂದ ನನ್ನ ಕಷ್ಟ ಶುರು. ಡಬ್ಬಿಯೊಳಗೆ ಮೂರು ಹಲ್ಲು. ಒಂದು ಪ್ಲಾಸ್ಟಿಕ್ಕಿನದು. ಮೆದು, ಬೇಗ ಸವೆಯುತ್ತದೆ, ಬಹಳ ದಿನ ಬಾಳುವುದಿಲ್ಲ ಎಂದರು. ಇನ್ನೊಂದರ ಒಳಗೆ ಲೋಹ, ಹೊರಗೆ ಪಿಂಗಾಣಿ. ಎಲ್ಲರೂ ಇದನ್ನೇ ಹಾಕಿಸುತ್ತಾರೆ, ನಿಮಗೂ ಇದು ಸಾಕು ಎಂದರು. ಮೂರನೆಯದು ಹೊಸದಾಗಿ ಬಂದದ್ದು, ಜಿರ್ಕೋನಿಯಾ ಎಂದು ಹೆಸರು. ಬಿಳಿ ಬಿಲ್ಲೆಯೊಂದನ್ನು ಯಂತ್ರದಲ್ಲಿಟ್ಟರೆ, ಕಂಪ್ಯೂಟರು ಹೇಳಿದ ಹಾಗೆ ಯಂತ್ರವೇ ಹಲ್ಲನ್ನು ಕಡೆದು ಕೊಡುತ್ತದಂತೆ. ಆಮೇಲೆ ಅದನ್ನು ಕುಲುಮೆಯಲ್ಲಿ ಬೇಯಿಸಿದರೆ ಕಲ್ಲಾಗುತ್ತದಂತೆ. "ಹೊರದೇಶದಲ್ಲಿ ಹಲ್ಲನ್ನ ಪ್ರಿಂಟ್ ಮಾಡೋದೂ ಶುರುವಾಗಿದೆ ಅಜ್ಜಿ," ಎಂದು ಡಾಕ್ಟರು ಖುಷಿಯಿಂದ ಹೇಳಿದರು. ಪ್ರಿಂಟು ಎಂದರೆ ನಾನು ಕಂಡದ್ದು ಲಗ್ನಪತ್ರಿಕೆ ಒಂದೇ. ಅದರಲ್ಲಿ ಯಾವತ್ತೂ ಒಬ್ಬ ಮಾವನ ಹೆಸರು ಬಿಟ್ಟುಹೋಗಿರುತ್ತದೆ. ಹಲ್ಲು ಪ್ರಿಂಟು ಹಾಕಿದರೆ ಏನು ಬಿಟ್ಟುಹೋಗುವುದೋ ಎಂದುಕೊಂಡೆ.

ನಾನು ಮೂರನ್ನೂ ಒಂದೊಂದಾಗಿ ತೆಗೆದುಕೊಂಡು, ಡಾಕ್ಟರ ಮೇಜಿನ ಮೇಲೆ ತಟ್ಟಿ ನೋಡಿದೆ. ಸಂತೆಯಲ್ಲಿ ಮಡಕೆಯನ್ನು ಹೀಗೇ ಕೊಳ್ಳುವುದು. ಬೆರಳ ಗೆಣ್ಣಿನಿಂದ ತಟ್ಟಬೇಕು, ಕಿವಿ ಕೊಡಬೇಕು. ಬೊದ್ದು ಎಂದರೆ ಸರಿಯಾಗಿ ಬೆಂದಿಲ್ಲ, ಟಣ್ ಎಂದರೆ ಗಟ್ಟಿ. ನಾನು ತಟ್ಟಿ ತಂದ ಮಡಕೆ ಒಡೆದದ್ದಿಲ್ಲ. ಊರಿನ ಹೆಂಗಸರು ಮಡಕೆ ಕೊಳ್ಳಲು ಹೋದರೆ ನನ್ನನ್ನು ಕರೆಯುತ್ತಾರೆ, ಜವರಮ್ಮನೂ ಕರೆಯುತ್ತಾಳೆ. ಪ್ಲಾಸ್ಟಿಕ್ಕಿನದು ಸದ್ದೇ ಮಾಡಲಿಲ್ಲ. ಪಿಂಗಾಣಿಯದು ಟಿಣ್ ಎಂದಿತು. ಮೂರನೆಯದು ಟಣ್ ಎಂದಿತು, ಸದ್ದಿನ ಕೊನೆ ಕಿವಿಯೊಳಗೆ ಸ್ವಲ್ಪ ಹೊತ್ತು ನಿಂತಿತು.

"ಇದೇ ಗಟ್ಟಿ. ಇದನ್ನೇ ಆಕು," ಎಂದೆ.

"ಗಟ್ಟಿ ಹೌದು ಅಜ್ಜಿ. ಆದರೆ ಒಂದು ಮಾತು. ಒಮ್ಮೆ ಕೂರಿಸಿದ ಮೇಲೆ ತಿದ್ದೋದು ಕಷ್ಟ. ಅಷ್ಟು ಗಟ್ಟಿ ನಿಮಗೆ ಯಾಕೆ?"

"ಗಟ್ಟಿ ಇದ್ದದ್ದು ಯಾರ್ಗೆ ಬ್ಯಾಡ ಏಳಪ್ಪ?"

"ಲೋಹದ್ದೇ ಸಾಕಾಗುತ್ತೆ ಅಂತ ಹೇಳಿದೆನಲ್ಲ."

"ಅದು ಟಿಣ್ ಅಂತದೆ."

ಡಾಕ್ಟರು ಸೋತರು. ಮುದುಕಿಯರ ಜೊತೆ ಮಾತಿಗೆ ನಿಂತವರು ಎರಡನೆಯ ಮಾತಿನಲ್ಲೇ ಸೋಲುವುದು ಒಳ್ಳೆಯದು. ದುಡ್ಡಿನ ಮಾತನ್ನು ಸೊಪ್ಪು ಮಾರಿದ ಮೇಲೆ ನೋಡೋಣ ಎಂದು ಸ್ವಾಮಿ ಮೊದಲೇ ಹೇಳಿಬಿಟ್ಟಿದ್ದ, ಅದು ನನ್ನ ತಲೆನೋವಲ್ಲ. ಇನ್ನು ಬಣ್ಣ. ಡಾಕ್ಟರು ಬಣ್ಣಬಣ್ಣದ ಹಲ್ಲುಗಳ ಒಂದು ಪಟ್ಟಿ ತೆಗೆದರು. ಮಂಜುಳಾಗೆ ಜೀವ ಬಂತು. "ಅತ್ತೆ, ಈ ಮಲ್ಲಿಗೆ ಬಿಳಿ ಹಾಕಿಸ್ಕೊಳ್ಳಿ, ಚೆನ್ನಾಗಿ ಕಾಣ್ತೀರಿ," ಎಂದಳು. ನನ್ನ ಮಿಕ್ಕ ಹಲ್ಲುಗಳೆಲ್ಲ ಎಲೆಅಡಿಕೆ ತಿಂದು ಇಟ್ಟಿಗೆ ಬಣ್ಣಕ್ಕೆ ಬಂದಿವೆ. ನಡುವೆ ಒಂದು ಮಲ್ಲಿಗೆ ಇಟ್ಟರೆ ಹಳೇ ಗೋಡೆಗೆ ಹೊಸ ಇಟ್ಟಿಗೆ ಸಿಕ್ಕಿಸಿದ ಹಾಗೆ. ಅಕ್ಕಪಕ್ಕದವುಗಳ ಬಣ್ಣದ್ದೇ ಕೊಡಿ ಎಂದೆ. ಆ ಬಣ್ಣ ಯಾವ ಕಂಪನಿಯವರೂ ಮಾಡುವುದಿಲ್ಲ ಎಂದರು ಡಾಕ್ಟರು. ಕೊನೆಗೆ ಹಳೇ ಪಂಚೆಯ ಬಣ್ಣಕ್ಕೆ ಮೂವರೂ ಒಪ್ಪಿದೆವು. ಯಾರಿಗೂ ಇಷ್ಟವಾಗದ್ದಕ್ಕೆ ಎಲ್ಲರೂ ಒಪ್ಪುವುದು ನಮ್ಮ ಮನೆಯ ಪದ್ಧತಿ.

ಹಲ್ಲು ಮೈಸೂರಿಗೆ ಹೋಗಿ, ಅಲ್ಲಿಂದ ಯಂತ್ರ ಇರುವ ಊರಿಗೆ ಹೋಗಿ ಬರಬೇಕು, ತಡವಾಗುತ್ತದೆ ಎಂದರು. ಅಲ್ಲಿಯವರೆಗೆ ಅರೆದ ಹಲ್ಲು ಖಾಲಿ ಇರಬಾರದು ಎಂದು ಮೇಲೊಂದು ಪ್ಲಾಸ್ಟಿಕ್ ಹಲ್ಲು ಅಂಟಿಸಿ ಕಳಿಸಿದರು. ಅದೇ, ಸದ್ದು ಮಾಡದ ಜಾತಿಯದು. ಇದರಲ್ಲಿ ಏನೂ ಕಚ್ಚಬೇಡಿ, ಕಳಚಿಕೊಳ್ಳುತ್ತದೆ ಎಂದರು. ಹೂಂ ಎಂದೆ.

ಊರಿಗೆ ಬಂದ ಮೇಲೆ ಚಪ್ಪರದಲ್ಲಿ ಯಾರೂ ಇಲ್ಲದಾಗ ಒಂದು ದಾರ ಕಚ್ಚಿ ನೋಡಿದೆ. ಮೊದಲ ದಿನ ಜಾರಿತು. ಎರಡನೆಯ ದಿನ ಸ್ವಲ್ಪ ಹಿಡಿಯಿತು. ದಿನಾ ಎಳೆದೂ ಎಳೆದೂ ಕೆಲವು ದಿನದಲ್ಲಿ ಕಟಕ್ಕನೆ ಕಡಿಯತೊಡಗಿತು. ಒಂದು ಸಲ ಕಳಚಿ ಕೈಗೆ ಬಂತು, ತೊಳೆದು ಒತ್ತಿಕೊಂಡೆ, ಕೂತಿತು. ಸ್ವಾಮಿಯನ್ನು ಕರೆದು ಅವನ ಮುಂದೆಯೇ ಒಂದು ಕಡ್ಡಿ ಕಟ್ಟಿದೆ. ಅವನು ಕಡ್ಡಿಯನ್ನು ಎತ್ತಿ, ಒದರಿ, ಬಟ್ಟೆ ಕೊಡವಿದ ಹಾಗೆ ಕೊಡವಿದ. ಒಂದು ಎಲೆ ಉದುರಲಿಲ್ಲ. "ಕಟ್ಟವ್ವ," ಎಂದ. ಮಾರನೆಯ ದಿನ ಜವರಮ್ಮ ಬರುವುದರೊಳಗೆ ನಾನು ನನ್ನ ಜಾಗದಲ್ಲಿ ಕೂತಿದ್ದೆ. ಅವಳು ನಿಂತು ನೋಡಿದಳು, ಎದುರು ಕೂತು ಸೊಪ್ಪು ಜೋಡಿಸಿದಳು. ಆ ದಿನಗಳಲ್ಲಿ ನಾನು ಯೋಚಿಸಿದ್ದು ಒಂದೇ: ಪ್ಲಾಸ್ಟಿಕ್ಕೇ ಇಷ್ಟು ಕೆಲಸ ಮಾಡಿದರೆ, ಇನ್ನು ಟಣ್ ಎನ್ನುವ ಹಲ್ಲು ಎಷ್ಟು ಮಾಡೀತು! ತಂತಿಯನ್ನೇ ಕಡಿಯಬಹುದು.

ಹಲ್ಲು ಬಂತು. ಡಾಕ್ಟರು ಪ್ಲಾಸ್ಟಿಕ್ಕನ್ನು ತೆಗೆದು ಪಕ್ಕದ ಬುಟ್ಟಿಗೆ ಎಸೆದು ಹೊಸದನ್ನು ಕೂರಿಸಿದರು. ಕನ್ನಡಿ ಕೊಟ್ಟರು. ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳಲಿ, ನನ್ನ ಮುಖದಲ್ಲಿ ಚೆನ್ನಾಗಿರುವುದು ಅದೊಂದೇ. ತುದಿ ನೂಲು ಹಿಡಿದ ಹಾಗೆ ನೇರ, ಮೈ ನುಣುಪು. "ಇನ್ನು ಇದಕ್ಕೆ ಏನೂ ಆಗಲ್ಲ ಅಜ್ಜಿ. ನಿಮ್ಮ ನಂತರವೂ ಹೀಗೇ ಇರುತ್ತೆ," ಎಂದರು. ಆ ಮಾತು ನನಗೆ ಹಿತವಾಗಿ ಕೇಳಲಿಲ್ಲ, ಆದರೂ ಹೂಂ ಎಂದೆ.

ಮಾರನೆಯ ದಿನ ಜವರಮ್ಮನ ಚಪ್ಪರ. ಮೊದಲ ಕಡ್ಡಿ ಕಟ್ಟಿ, ಕೊನೆಯ ಗಂಟಿಗೆ ದಾರ ಕಚ್ಚಿ ಎಳೆದೆ. ಜಾರಿತು. ಇನ್ನೂ ಒತ್ತಿ ಕಚ್ಚಿದೆ. ದಾರ ಹಲ್ಲಿನ ತುದಿಯಲ್ಲಿ ಆ ಕಡೆಯಿಂದ ಈ ಕಡೆಗೆ ಮೀನಿನ ಹಾಗೆ ನುಣುಚಿಕೊಂಡು ಹೋಯಿತು. ಕೆಳಗಿನ ಹಲ್ಲು ಜುಂ ಎಂದಿತು, ದಾರಕ್ಕೆ ಏನೂ ಆಗಲಿಲ್ಲ. ದಿನಾ ಎಳೆದರೆ ಇದೂ ಹಿಡಿಯುತ್ತದೆ ಎಂದುಕೊಂಡು ಆ ವಾರವೆಲ್ಲ ಎಳೆದೆ. ಹಲ್ಲು ಮೊದಲ ದಿನದ ಹಾಗೇ ನಗುತ್ತಿತ್ತು. ನನ್ನ ತುಟಿ ಮಾತ್ರ ಸೀಳಿತು. ಜವರಮ್ಮ ಸೊಪ್ಪು ಕೈಯಲ್ಲಿ ಹಿಡಿದುಕೊಂಡು ಕಾಯುತ್ತಿದ್ದಳು, ಕಾಯುವುದರಲ್ಲಿ ಅವಳಿಗೆ ಬೇಸರವೇ ಕಾಣಲಿಲ್ಲ.

"ಏನಕ್ಕ, ಕಂಪ್ಯೂಟ್ರು ಅಲ್ಲು ದಾರ ಕಂಡ್ರೆ ಎದರ್‍ಕತದಾ?"

"ನಿನ್ ಅಲ್ಲು ಎಂಗೆ ಕಡೀತದೆ? ಬಾಯಿ ಬುಡು, ನೋಡನ."

"ಅಯ್, ನಾನೇನು ಸಂತೇಲಿರೋ ಎತ್ತಾ?"

"ಬುಡೇ!"

ಬಾಯಿ ಬಿಟ್ಟಳು. ಬಿಸಿಲಿಗೆ ಅವಳ ಗಲ್ಲ ತಿರುಗಿಸಿ ನೋಡಿದೆ. ಮುಂದಿನ ಹಲ್ಲಿನ ತುದಿಯಲ್ಲಿ ಒಂದು ಸಣ್ಣ ಕಚ್ಚು, ಬಾವಿಯ ಕಟ್ಟೆಯ ಕಲ್ಲಿನಲ್ಲಿ ಹಗ್ಗ ಉಜ್ಜಿ ಬೀಳುವ ಕಚ್ಚಿನ ಹಾಗೆ. ದಾರ ಬಂದು ಅದರಲ್ಲಿ ಕೂರುತ್ತದೆ, ಕೂತದ್ದು ಜಾರುವುದಿಲ್ಲ, ಜಾರದ್ದು ಕಡಿಯುತ್ತದೆ. ನನ್ನ ಹಳೆಯ ಹಲ್ಲಲ್ಲೂ ಅದು ಇದ್ದಿರಬೇಕು. ಅದು ದಾರಕ್ಕೆ ಸವೆದು ಕೊಟ್ಟಿತ್ತು, ಪ್ಲಾಸ್ಟಿಕ್ಕೂ ಕೆಲವೇ ದಿನದಲ್ಲಿ ಸವೆದು ಕೊಟ್ಟಿತು. ಅದು ಮೆದು ಎಂದು ಡಾಕ್ಟರು ಹೇಳಿದ್ದು ಸುಳ್ಳಲ್ಲ, ನಾನು ಅದನ್ನು ಬೈಗುಳ ಎಂದುಕೊಂಡಿದ್ದೆ. ಈ ಕಲ್ಲಿನದು ನನ್ನ ನಂತರವೂ ಸವೆಯುವುದಿಲ್ಲವಂತೆ. ಸವೆಯದಿದ್ದರೆ ಕಚ್ಚು ಎಲ್ಲಿಂದ ಬರಬೇಕು? ಮಡಕೆಯನ್ನು ತಟ್ಟಿ ನೋಡುವವಳು ಮಡಕೆಯಲ್ಲಿ ನೀರು ತರಲು ಹೊರಟಿರುತ್ತಾಳೆ. ನಾನು ದಾರ ಕಡಿಯಲು ಹೊರಟು ಮಡಕೆಯ ಗುಣ ನೋಡಿ ಬಂದೆ.

ಮತ್ತೆ ಹುಣಸೂರು, ಮತ್ತೆ ಮಹಡಿ. "ಇದರ ತುದೀಗೆ ಅರದಲ್ಲಿ ಒಂದು ಸಣ್ಣ ಕಚ್ಚು ಆಕ್ಕೊಡಪ್ಪ," ಎಂದೆ. ಡಾಕ್ಟರು ಕನ್ನಡಿಯ ಕಡ್ಡಿಯನ್ನು ಮೇಜಿನ ಮೇಲೆ ಇಟ್ಟರು. ಅಂದವಾದ ಹಲ್ಲನ್ನು ಕೆಡಿಸಿಕೊಡಿ ಎಂದು ಅವರನ್ನು ಯಾರೂ ಕೇಳಿರಲಿಲ್ಲವಂತೆ. ಕಚ್ಚು ಹಾಕಿದರೆ ಅಲ್ಲಿಂದ ಸೀಳು ಬಿಡುತ್ತದೆ, ತಿದ್ದುವುದು ಕಷ್ಟ ಎಂದು ಮೊದಲೇ ಹೇಳಿದ್ದೆನಲ್ಲ ಎಂದರು. ಹೇಳಿದ್ದರು. ಹಾಗಾದರೆ ಇದನ್ನು ತೆಗೆದು ಆ ಸದ್ದು ಮಾಡದ್ದನ್ನೇ ಹಾಕಿ ಎಂದೆ. ತೆಗೆಯಬೇಕಾದರೆ ಇದನ್ನು ಕೊಯ್ದು ಒಡೆಯಬೇಕು, ಒಳಗಿನ ಹಲ್ಲು ಉಳಿಯುವ ಭರವಸೆ ಇಲ್ಲ ಎಂದರು. ಮಂಜುಳಾ ನನ್ನ ಕೈ ಹಿಡಿದು, "ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ, ಮನೆಗೆ ನಡೀರಿ," ಎಂದಳು. ಹೊರಡುವಾಗ ಬುಟ್ಟಿಯಲ್ಲಿ ಇಣುಕಿದೆ. ನನ್ನ ಪ್ಲಾಸ್ಟಿಕ್ ಹಲ್ಲು ಎಂದೋ ಹೋಗಿತ್ತು.

ಈಗ ನಮ್ಮ ಚಪ್ಪರದಲ್ಲಿ ಹೊಸ ಏರ್ಪಾಡು. ಜವರಮ್ಮ ಕೊಡುತ್ತಾಳೆ, ನಾನು ಕಟ್ಟುತ್ತೇನೆ, ಜಾಗ ನನ್ನದೇ. ಆದರೆ ಕೊನೆಯ ಗಂಟು ಬಂದಾಗ ಕಡ್ಡಿಯನ್ನು ಅವಳ ಬಾಯ ಹತ್ತಿರಕ್ಕೆ ಚಾಚಬೇಕು. ಅವಳು ದಾರವನ್ನು ಕಚ್ಚಿ ಎಳೆಯುತ್ತಾಳೆ, ನಾನು ಗಂಟು ಬಿಗಿಯುತ್ತೇನೆ, ಅವಳು ಕಡಿಯುತ್ತಾಳೆ. ಕಡಿಯುವ ಮೊದಲು ಹೇಳುತ್ತಿರುವ ಸುದ್ದಿಯನ್ನು ಮುಗಿಸುತ್ತಾಳೆ. ಮುಗಿಯುವವರೆಗೂ ನಾನು ಕಡ್ಡಿ ಚಾಚಿಕೊಂಡು ಕೂತಿರಬೇಕು. ಇಡೀ ಊರಿನ ಸುದ್ದಿ ಈಗ ನನಗೆ ಗೊತ್ತು, ಬೇಡವೆಂದರೂ ಗೊತ್ತು. ಸ್ವಾಮಿ ಬಂದು ನೋಡಿ, ತಲೆ ಕೆರೆದುಕೊಂಡು ಹೋದ. ಗಂಟು ಬಿಗಿಯಾಗಿದೆ, ಬ್ಯಾರನ್ನಿನಲ್ಲಿ ಸೊಪ್ಪು ಉದುರುತ್ತಿಲ್ಲ, ಅವನಿಗೆ ಅಷ್ಟು ಸಾಕು.

ಹೀಗೇ ನಡೆಯುತ್ತಿತ್ತು. ಮೊನ್ನೆ ದಾರ ಕಚ್ಚಿದ ಜವರಮ್ಮ "ಅಬ್ಬಾ" ಎಂದು ಗಲ್ಲ ಹಿಡಿದುಕೊಂಡಳು. ಹಲ್ಲು ಅಲ್ಲಾಡುತ್ತಿದೆ. ಎರಡು ಮನೆಯ ದಾರ ಒಂದೇ ಹಲ್ಲಿನ ಮೇಲೆ ಬಿದ್ದರೆ ಇನ್ನೇನಾಗುತ್ತದೆ? ಮುರಿದು ಬಿದ್ದರೆ ನಾವಿಬ್ಬರೂ ಎದುರುಬದುರು ಕೂತು ಸೊಪ್ಪನ್ನು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತ ಇರಬೇಕಾಗುತ್ತದೆ.

"ನೀನೂ ಓಗಿ ತೋರಿಸ್ಕೊ," ಎಂದೆ. "ಆದ್ರೆ ನನ್ ಮಾತು ಕೇಳು. ಪ್ಲಾಸ್ಟಿಕ್ಕಿಂದೇ ಆಕುಸ್ಕೊ."

ಅವಳು ನನ್ನ ಬಾಯನ್ನೇ ನೋಡಿದಳು. "ಅಂಗಾ? ನಿಂಗೆ ಫಳಫಳ ಅನ್ನೋ ಕಲ್ಲಿನ್ ಅಲ್ಲು, ನಂಗೆ ಬಕೀಟಿನ ಪ್ಲಾಸ್ಟಿಕ್ಕಾ? ನೀನು ಇರೀ ಸೊಸೆ, ನಾನು ಕಿರೀದು ಅಂತ ತಾನೆ?"

"ಅದು ದಾರ ಕಡಿಯಕಿಲ್ಲ ಕಣೆ! ನೀನೇ ನೋಡಿಲ್ವಾ?"

"ನಿಂಗೆ ಕಡಿಯಕಿಲ್ಲ. ನಂಗೆ ಕಡೀತದೆ. ನಾಳೆ ನೀನೇ ಕರ್‍ಕೊಂಡೋಗು. ತಟ್ಟಿ ನೋಡಿ ನೀನೇ ಆರಿಸ್ಕೊಡು, ಮಡಕೆ ಆರಿಸಿದಂಗೆ."

ನಾಳೆ ಹೋಗಬೇಕು. ಮತ್ತೆ ಆ ಮಹಡಿ, ಮತ್ತೆ ಆ ಡಬ್ಬಿ. ಈ ಸಲ ಸದ್ದು ಮಾಡದ ಹಲ್ಲನ್ನೇ ಮೇಜಿನ ಮೇಲೆ ತಟ್ಟಿ, ಕಿವಿಗೊಟ್ಟು, ಇದೇ ಎಲ್ಲಕ್ಕಿಂತ ಗಟ್ಟಿ, ಇದನ್ನೇ ಹಾಕಿಸ್ಕೊ ಎಂದು ಮುಖ ಬಿಗಿದುಕೊಂಡು ಹೇಳಿಬಿಡಬೇಕು ಎಂದುಕೊಂಡಿದ್ದೇನೆ. ಅವಳ ಮೇಲಿನ ಅಕ್ಕರೆಗಲ್ಲ, ದಾರಕ್ಕಾಗಿ. ಆದರೆ ಜವರಮ್ಮನ ಹತ್ತಿರ ಸುಳ್ಳು ಹೇಳುವಾಗ ನನಗೆ ಮೊದಲಿನಿಂದಲೂ ನಗು ಬರುತ್ತದೆ. ನಕ್ಕರೆ ಈ ಹಲ್ಲು ಕಾಣುತ್ತದೆ. ಕಂಡರೆ ಅವಳು ಅದೇ ಬೇಕು ಎನ್ನುತ್ತಾಳೆ.